ಕಂಪೌಂಡರ್ ಸಾಬ್ರು ಕೇಳಿದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗ ನೋಡಿದರೂ ನೇರಳೆ ಹಣ್ಣು ಚೀಪಿದ ಬಣ್ಣಕ್ಕಿರುತ್ತಿತ್ತು. ಮಕ್ಕಳ ಬಾಯಿಹುಣ್ಣಿಗೆ ಹಚ್ಚುವ ನೀಲಿ ಔಷಧವನ್ನು ದೊಡ್ಡ ಸೀಸೆಯಿಂದ ಸಣ್ಣ ಸೀಸೆಗೆ ಸುರಿದು ಸುರಿದು ಅದು ಚರ್ಮದೊಳಗೇ ಇಳಿದುಬಿಟ್ಟಿತ್ತು. ಸೋಪು, ನಿಂಬೆಹುಳಿ, ಸೀಮೆಎಣ್ಣೆ ಯಾವುದಕ್ಕೂ ಜಗ್ಗದ ಬಣ್ಣ. ಆ ಉಗುರಿನಿಂದಲೇ ಅವರು ಕಾಗದ ಮಡಚುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಉಗುರಿನಿಂದ ಒಂದು ಗೆರೆ ಎಳೆದು, ಎರಡು ಸಲ ಮಡಚಿ, ಒಳಗೆ ಗುಳಿಗೆ ಹಾಕಿ ತುದಿ ಸಿಕ್ಕಿಸಿದರೆ ಪೊಟ್ಟಣ. ಸೈಕಲ್ ಮೇಲಿಂದ ಬಿದ್ದರೂ ಬಿಚ್ಚುತ್ತಿರಲಿಲ್ಲ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗೆ ಇಪ್ಪತ್ತೈದು. ದಾವಣಗೆರೆಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು, ಮಾತಿಗೇನೂ ಬರ ಇರಲಿಲ್ಲ. ಎಂ.ಬಿ.ಬಿ.ಎಸ್. ಮುಗಿದಿತ್ತು. ಪಿ.ಜಿ. ಸೀಟು ಸಿಗುವ ತನಕ ಒಂದು ವರ್ಷವೋ ಎರಡು ವರ್ಷವೋ ಅಂತ ಗುತ್ತಿಗೆ ಡಾಕ್ಟರಾಗಿ ಬಂದಿದ್ದೆ. ಅವರಿಗೆ ಐವತ್ತು ದಾಟಿತ್ತು. ಸರ್ಕಾರದ ಕಾಗದದಲ್ಲಿ ಅವರು ಫಾರ್ಮಸಿಸ್ಟ್. ಊರಿನವರ ಬಾಯಲ್ಲಿ ಕಂಪೌಂಡರ್ ಸಾಬ್ರು. ಹರಪನಹಳ್ಳಿಯವರು, ಹಿತ್ತಾಳೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಮನೆತನ. ತಂದೆ ಇದ್ದಿಲು, ತಿದಿ, ನವಸಾಗರ ಹೊತ್ತುಕೊಂಡು ನೀಲಗುಂದ, ಬಾಗಳಿ ಅಂತ ಊರೂರು ತಿರುಗಿ, ಬೇವಿನ ಮರದ ನೆರಳಲ್ಲಿ ಒಲೆ ಹೂಡುತ್ತಿದ್ದರಂತೆ.

ನಾನು ಬಂದ ಮೊದಲ ವಾರವೇ, ಹೊರರೋಗಿಗಳು ಖಾಲಿಯಾದ ಹೊತ್ತಿನಲ್ಲಿ, ಎರಡು ಲೋಟ ಚಹಾ ಹಿಡಿದು ನನ್ನ ಕೋಣೆಗೆ ಬಂದರು.

"ಡಾಕ್ಟ್ರಮ್ಮಾರ, ಒಂದು ಮಾತು ಕೇಳ್ತೀನಿ. ಬ್ಯಾಸರ ಮಾಡಿಕೋಬ್ಯಾಡ್ರಿ."

"ಕೇಳ್ರಿ ಸಾಬ್ರೇ."

"ಡಾಕ್ಟ್ರಾಗಾಕ ಎಷ್ಟು ವರ್ಷ ಓದಬೇಕ್ರಿ?"

"ಐದೂವರೆ."

"ಅದ್ರಾಗ ಹಳ್ಳಿ ಎಷ್ಟು ದಿನ ಕಲಿಸ್ತಾರ?"

ನನಗೆ ಹೆಮ್ಮೆಯೇ ಆಯಿತು. ಕೊನೆಯ ವರ್ಷ ಮೂರು ತಿಂಗಳು ಹಳ್ಳಿಯ ಕೆಲಸಕ್ಕೇ ಹಾಕುತ್ತಾರೆ ಅಂದೆ.

"ಮೂರು ತಿಂಗಳು ಹಳ್ಳಿಯಾಗ ಇರ್ತೀರಿ?"

"ಇರೋದಿಲ್ಲ. ಕಾಲೇಜಿನ ವ್ಯಾನ್ ಇರುತ್ತೆ. ಹತ್ತಕ್ಕೆ ಹೋಗಿ ಒಂದಕ್ಕೆ ಬಂದುಬಿಡ್ತಿದ್ವಿ."

"ಊಟಕ್ಕ?"

"ಹಾಸ್ಟೆಲ್ಲು."

"ಅಂದ್ರ ಹಳ್ಳಿಯಾಗ ಒಪ್ಪೊತ್ತೂ ಊಟ ಮಾಡಿಲ್ಲ," ಅಂದರು. ಚುಚ್ಚುವ ಧ್ವನಿ ಅಲ್ಲ ಅದು. ಗಡಿಯಾರದ ಹಿಂದಿನ ಮುಚ್ಚಳ ತೆಗೆದು ಒಳಗೆ ಏನಿದೆ ಅಂತ ನೋಡುವವರ ಧ್ವನಿ. "ಮತ್ತ ಆ ಮೂರು ತಾಸು ಏನು ಮಾಡ್ತಿದ್ರಿ?"

ಏನು ಮಾಡುತ್ತಿದ್ದೆವು? ಅಚ್ಚು ಹಾಕಿಸಿದ ನಮೂನೆ ಹಿಡಿದು ಮನೆ ಮನೆಗೆ ಹೋಗಿ ಕಿಟಕಿ ಎಷ್ಟು, ಒಲೆಯ ಹೊಗೆಗೆ ದಾರಿ ಇದೆಯೇ, ಕಕ್ಕಸು ಇದೆಯೇ, ನೀರು ಎಲ್ಲಿಂದ ಅಂತ ಕೇಳಿ ಬರೆದುಕೊಳ್ಳುತ್ತಿದ್ದೆವು. ಬರೆದದ್ದನ್ನು ಮೇಷ್ಟ್ರು ನೋಡಿ ಸಹಿ ಹಾಕುತ್ತಿದ್ದರು. ಪರೀಕ್ಷೆಗೆ ಆದರ್ಶ ಬಾವಿಯ ಚಿತ್ರ ಬರೆಯಬೇಕಿತ್ತು. ಕಟ್ಟೆ ಎಷ್ಟು ಎತ್ತರ, ಸುತ್ತಲ ಕಾಂಕ್ರೀಟು ಎಷ್ಟು ಅಗಲ, ಎಲ್ಲಾ ಬಾಯಿಪಾಠ. ಕೂತಾಗ ಯಾವ ಸೊಳ್ಳೆಯ ಬೆನ್ನು ಓರೆ, ಯಾವುದರದು ಗೂನು, ಅದೂ ಬಾಯಿಪಾಠ. ಇದನ್ನೆಲ್ಲ ಹೇಳಿದೆ.

ಸಾಬ್ರು ಚಹಾ ಕುಡಿಯುವುದನ್ನೇ ಬಿಟ್ಟರು. "ಬಾವಿ ಚಿತ್ರ ಬರೀತೀರಿ? ಡಾಕ್ಟ್ರಾಗಾಕ?" ಲೋಟ ಮೇಜಿನ ಮೇಲಿಟ್ಟು, "ಅದೂ ಬೇಕ್ರಿ. ಬಾವಿ ಕೆಟ್ರ ಊರು ಕೆಡತೈತಿ," ಅಂದು, ಆ ಪುಸ್ತಕ ಇದ್ದರೆ ಕೊಡಿ, ನೋಡಿ ಕೊಡುತ್ತೇನೆ ಅಂದರು.

ನಮ್ಮ ಸಮುದಾಯ ವೈದ್ಯಕೀಯದ ದಪ್ಪ ಪುಸ್ತಕ ನನ್ನ ಟ್ರಂಕಿನಲ್ಲಿತ್ತು. ಕೊಟ್ಟೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ನಿಧಾನವಾಗಿ, ಒಂದೊಂದೇ ಶಬ್ದ. ಅವರು ಓದಿದ್ದು ಹಿಂದಿನಿಂದ. ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಅಕ್ಷರದ ಪ್ರಕಾರ ಪಟ್ಟಿ ಇರುತ್ತದಲ್ಲ, ಅಲ್ಲಿಂದ. ಎರಡು ದಿನ ಬಿಟ್ಟು ಬಂದರು.

"ಅತ್ತಿಗೆ ಇಂಗ್ಲೀಷಿನಾಗ ಏನಂತಾರ್ರಿ? ಗಂಡನ ತಾಯಿ, ಆ ಅತ್ತಿ?"

"ಮದರ್ ಇನ್ ಲಾ."

"ಹಂಗಂದ್ರ ಎಮ್ಮಿನಾಗ ಇರಬೇಕಾತು. ಮಲೇರಿಯಾ ಐತಿ, ಮೀಸಲ್ಸ್ ಐತಿ, ಸೊಳ್ಳಿ ಐತಿ, ಅತ್ತಿ ಇಲ್ಲ. ಬಸ್ಸು ನೋಡಿದೆ, ಇಲ್ಲ. ಸಂತಿ ನೋಡಿದೆ, ಇಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಪುಸ್ತಕ ಭಾಳ ಛಲೋ ಐತ್ರಿ. ತಪ್ಪು ತಿಳೀಬ್ಯಾಡ್ರಿ. ಆದ್ರ ಇಲ್ಲಿ ಬ್ಯಾನಿ ಬರೋದು ಹೋಗೋದು ಎರಡೂ ಅತ್ತಿ ಕೈಯಾಗ ಐತಿ. ಅಷ್ಟು ದಪ್ಪ ಪುಸ್ತಕದಾಗ ಆಕಿಗೆ ಒಂದು ಪುಟ ಇಲ್ಲ ಅಂದ್ರ ನನಗ ಅಚ್ಚರಿ ಆತು, ಅಷ್ಟ."

ನಾನು ನಕ್ಕುಬಿಟ್ಟೆ. ಹಾಸ್ಟೆಲಿನ ಗೆಳತಿಯರಿಗೆ ಪತ್ರದಲ್ಲಿ ಬರೆದೆ ಕೂಡ.

ಅವರ ಕೆಲಸದ ರೀತಿ ಮೊದಮೊದಲು ನನಗೆ ತಲೆನೋವು ತರುತ್ತಿತ್ತು. ನನ್ನ ಚೀಟಿ ಹಿಡಿದು ಯಾರಾದರೂ ಔಷಧದ ಕಿಟಕಿಗೆ ಹೋದರೆ, ಅವರ ಮೊದಲ ಪ್ರಶ್ನೆ "ಯಾವ ಬಸ್ಸಿಗೆ ಬಂದ್ಯವಾ, ಯಾವ ಬಸ್ಸಿಗೆ ಹೋಗ್ತಿ?" ಎರಡನೆಯದು "ಮುಂಜಾನಿ ಎದ್ದಾಗಿಂದ ಮಲಗೋ ಮಟ ಏನೇನು ಮಾಡ್ತಿ, ಸಾಲಾಗಿ ಹೇಳು ನೋಡನ." ಆ ಹೆಂಗಸು ಹೇಳುತ್ತಿದ್ದಳು: ಕಸ ಹೊಡೀತೀನಿ, ನೀರು ತರ್ತೀನಿ, ರೊಟ್ಟಿ ಬಡೀತೀನಿ, ಬುತ್ತಿ ಕಟಗೊಂಡು ಹೊಲಕ್ಕ ಹೋಗ್ತೀನಿ. ಎಲ್ಲ ಕೇಳಿ ಸಾಬ್ರು ಮೂರು ಪೊಟ್ಟಣ ಕಟ್ಟುತ್ತಿದ್ದರು. "ಇದು ರೊಟ್ಟಿ ಬಡದು ಕೈ ತೊಳಕೊಂಡ ಮ್ಯಾಲೆ. ಇದು ಹೊಲದಾಗ ಬುತ್ತಿ ಬಿಚ್ಚಿದಾಗ. ಇದು ಹಾಸಿಗಿ ಹಾಸೋ ಮುಂದ." ದಿನಕ್ಕೆ ಮೂರು ಅಂತ ನಾನು ಬರೆದಿದ್ದೆ, ಅದು ಅವರ ಕೈಗೆ ಹೋಗಿ ಹೀಗಾಗುತ್ತಿತ್ತು. ಹೊರಗೆ ಸಾಲು ಬೆಳೆಯುತ್ತಿತ್ತು.

"ಸಾಬ್ರೇ, ಒಬ್ಬೊಬ್ಬರಿಗೆ ಇಷ್ಟು ಹೊತ್ತು ಆದ್ರೆ ಹೆಂಗೆ?" ಅಂತ ಒಮ್ಮೆ ಕೇಳಿದೆ.

"ನೀವು ಬ್ಯಾನಿ ಕೇಳಿರ್ತೀರಿ, ನಾನು ದಿನ ಕೇಳ್ತೀನಿ. ಗುಳಿಗಿ ಹೋಗಿ ಸೇರೋದು ಅವರ ದಿನದಾಗಲ್ರಿ," ಅಂದರು. ಸಾಲಿನಲ್ಲಿದ್ದ ಮುದುಕನೊಬ್ಬ, "ಏ ಸಾಬ, ನಿನ್ನ ಪುರಾಣ ಮುಗಿಯೋದ್ರಾಗ ನನ್ನ ಜ್ವರ ತಾನಾ ಹೊಕ್ಕಾತಿ," ಅಂದ. ಸಾಬ್ರು ತಲೆ ಎತ್ತದೆ, "ಹೋದ್ರ ಛಲೋನ ಆತಲ್ಲೋ ಯಜಮಾನ, ಗುಳಿಗಿ ಉಳೀತು," ಅಂದರು.

ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ನಾನು ಬರೆಯುತ್ತಿರುವುದೇ ಅವಳಿಂದ.

ನಮ್ಮ ಕೇಂದ್ರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು ಅವಳದು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಎರಡು ವರ್ಷದ ಗಂಡುಮಗು. ತವರು ಹಂಪಸಾಗರದ ಕಡೆ. ಕೆಮ್ಮು, ಸಂಜೆ ಜ್ವರ, ಸೊರಗಿದ ಮೈ. ಕಫ ಪರೀಕ್ಷೆ ಮಾಡಿಸಿದರೆ ಕ್ಷಯ. ಆಗ ಹೊಸ ಪದ್ಧತಿ ಬಂದಿತ್ತು: ವಾರಕ್ಕೆ ಮೂರೇ ದಿನ ಗುಳಿಗೆ, ಸೋಮ, ಬುಧ, ಶುಕ್ರ. ಒಬ್ಬ ರೋಗಿಗೆ ಒಂದು ಡಬ್ಬ, ಮೇಲೆ ಅವರ ಹೆಸರು, ಒಳಗೆ ಆರು ತಿಂಗಳಿನ ಔಷಧ ಪೂರ್ತಿ. ಯಾರಾದರೂ ಎದುರಿಗೆ ನಿಂತು ನುಂಗಿಸಬೇಕು. ಅವಳ ಊರಿನ ಅಂಗನವಾಡಿ ಟೀಚರಿಗೆ ಆ ಕೆಲಸ ಒಪ್ಪಿಸಿದೆವು. ಡಬ್ಬ ನನ್ನ ಮೇಜಿನಿಂದ ನೇರ ಅಲ್ಲಿಗೆ ಹೋಯಿತು.

ಮೊದಲ ವಾರ ಅವಳಿಗೆ ವಾಂತಿಯಾಯಿತು. ಖಾಲಿ ಹೊಟ್ಟೆಗೆ ಆ ಗುಳಿಗೆಗಳು ತಡೆಯುವುದಿಲ್ಲ ಕೆಲವರಿಗೆ. ನಾನು ಅವಳ ಕಾರ್ಡಿನ ಮೇಲೆ ನನ್ನ ಕೈಯಾರೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದೆ: ಊಟ ಆದ ಮೇಲೆ. ಜೊತೆಗೆ ಗದರಿಸಿದೆ, "ಒಂದು ಗುಳಿಗೆ ತಪ್ಪಿಸಿದ್ರೂ ನನ್ನ ಹತ್ರ ಬರಬೇಡ ನೋಡು." ಹೆದರಿಕೆ ಇದ್ದರೆ ತಪ್ಪಿಸುವುದಿಲ್ಲ ಅಂತ ನನ್ನ ಲೆಕ್ಕ. ಕಾಲೇಜಿನ ವಾರ್ಡುಗಳಲ್ಲಿ ದೊಡ್ಡ ಡಾಕ್ಟರು ಹಾಗೇ ಗದರುತ್ತಿದ್ದರು. ರೋಗಿಗಳು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದರು.

ಎರಡು ತಿಂಗಳಿಗೆ ಸ್ವಲ್ಪ ಗುಣ ಕಂಡಿತು. ಆಮೇಲೆ ನಿಂತುಬಿಟ್ಟಿತು. ಐದನೆಯ ತಿಂಗಳಲ್ಲಿ ಕಫದಲ್ಲಿ ಇನ್ನೂ ರೋಗಾಣು. ಕಾರ್ಡು ನೋಡಿದರೆ ಎಲ್ಲ ದಿನವೂ ಗುರುತು ಬಿದ್ದಿದೆ, ಒಂದೂ ತಪ್ಪಿಲ್ಲ. ನನಗೆ ಭಯವಾಯಿತು. ಔಷಧಕ್ಕೆ ಬಗ್ಗದ ಕ್ಷಯ ಇರಬೇಕು ಅಂದುಕೊಂಡೆ. ಜಿಲ್ಲೆಯ ದೊಡ್ಡಾಸ್ಪತ್ರೆಗೆ ಸೇರಿಸಿಬಿಡೋಣ, ಎರಡು ತಿಂಗಳೋ ಮೂರು ತಿಂಗಳೋ ಅಲ್ಲಿರಲಿ ಅಂತ ಕಾಗದ ಬರೆಯಲು ಕೂತೆ. ಅವಳ ಜೊತೆ ಅತ್ತೆ ಬಂದಿದ್ದಳು. ಕೈಯಲ್ಲಿ ಕೂಸು.

"ದವಾಖಾನಿಗೆ ಹಾಕ್ತೀರೇನ್ರಿ ಅಮ್ಮಾರ?" ಅತ್ತೆ ಕೇಳಿದಳು.

"ಹೌದಮ್ಮ."

"ಹಾಕ್ರಿ. ಬ್ಯಾಡನ್ನೋದಿಲ್ಲ. ಅಲ್ಲಿಂದ ಹಂಗ ಹಂಪಸಾಗರಕ್ಕ ಹೋಗಲಿ. ಐದು ತಿಂಗಳು ನೋಡೀವಿ, ಇನ್ನ ಸಾಕು. ಕೂಸು ನಮ್ಮದು, ನಮ್ಮಲ್ಲೇ ಇರತೈತಿ. ನನ್ನ ಮಗ ಹರೇದಾಂವ ಅದಾನ, ಮುಂದ ನೋಡಬೇಕಲ್ರಿ."

ಕೂಗಾಡಲಿಲ್ಲ, ಜೋಳದ ಚೀಲ ಎಲ್ಲಿಡಬೇಕು ಅಂತ ಹೇಳುವ ಹಾಗೆ ಹೇಳಿದಳು. ಆ ಹೆಣ್ಣುಮಗಳು ಗೋಡೆ ಕಡೆ ತಿರುಗಿ ನಿಂತಳು. ಕೂಸು ಅವಳ ಸೆರಗಿಗೆ ಕೈ ಚಾಚುತ್ತಿತ್ತು. ಅತ್ತೆ ಕೂಸನ್ನು ಆ ಕಡೆಯ ಕಂಕುಳಿಗೆ ಬದಲಾಯಿಸಿದಳು.

ನಾನು ಏನು ಮಾಡಿದೆ? ಕಾಗದ ಬರೆದೆ. ರೋಗದ ಹೆಸರು, ತಿಂಗಳು, ಔಷಧ, ಫಲಿತಾಂಶ. ಎಲ್ಲ ಸರಿಯಾಗಿಯೇ ಬರೆದೆ. ಮುದ್ರೆ ಹಾಕಿಸಿಕೊಂಡು ಹೋಗಿ ಅಂತ ಕಿಟಕಿಗೆ ಕಳಿಸಿದೆ, ಯಾಕೆಂದರೆ ಮುದ್ರೆ ಸಾಬ್ರ ಹತ್ತಿರ ಇರುತ್ತಿತ್ತು.

ಐದು ನಿಮಿಷಕ್ಕೆ ಸಾಬ್ರೇ ಬಂದರು, ಕೈಯಲ್ಲಿ ನನ್ನ ಕಾಗದ, ಅವಳ ಕಾರ್ಡು.

"ಇದಕ್ಕ ಇವತ್ತು ಮುದ್ರಿ ಒತ್ತಂಗಿಲ್ರಿ. ನಾಳಿ ಒಂದು ದಿನ ತಡೀರಿ."

"ಯಾಕೆ?"

"ಸೋಮವಾರ ಅಂತ ಐತ್ರಿ ಇಲ್ಲಿ. ಮತ್ತ ಊಟ ಆದ ಮ್ಯಾಲೆ ಅಂತ ನೀವು ಬರದೀರಿ. ಕೊಟ್ಟೂರಪ್ಪನ ಗುಡಿ ಇಲ್ಲೇ ಮಗ್ಗಲಾಗ ಐತಿ, ಸೋಮವಾರ ಆತನ ವಾರ. ಈ ಸೀಮಿಯಾಗ ಸೋಮವಾರ ಊಟ ಮಾಡೋ ಹೆಣ್ಮಕ್ಕಳು ಎಷ್ಟು ಮಂದಿ ಅದಾರ, ಯಾವತ್ತರ ಕೇಳೀರೇನು?"

ನಾನು ಕೇಳಿರಲಿಲ್ಲ.

"ನನಗೂ ಗೊತ್ತಿಲ್ಲ, ಆಕಿ ಮಾಡ್ತಾಳೋ ಇಲ್ಲೋ," ಅಂದರು. "ನಾವು ರಂಜಾನಿನಾಗ ರೋಜಾ ಹಿಡದಾಗ ಊಟ ಆದ ಮ್ಯಾಲೆ ಅಂತ ಚೀಟಿ ಬಂದ್ರ ಏನು ಮಾಡಬೇಕು ಅಂತ ನನ್ನ ಬಿ.ಪಿ. ಗುಳಿಗಿ ಹಿಡಕೊಂಡು ನಾನಾ ವಿಚಾರ ಮಾಡೀನಿ. ಅದಕ್ಕ ಹೊಳೀತು. ನನ್ನ ಕಿಟಕಿಗೆ ಬಂದಿದ್ರ ಅವತ್ತ ಕೇಳ್ತಿದ್ದೆ. ಆ ಡಬ್ಬಿ ನನ್ನ ಕಿಟಕಿಗೆ ಬರಲಿಲ್ಲ. ಅದು ನಂದೂ ತಪ್ಪು, ನಾನಾದ್ರೂ ಹೋಗಿ ಕೇಳಬೇಕಿತ್ತು."

"ಈಗಲೇ ಕರೆದು ಕೇಳೋಣ, ಹೊರಗೇ ಇದ್ದಾಳಲ್ಲ."

"ಇಲ್ಲಿ ಹೇಳೋದಿಲ್ರಿ ಆಕಿ. ಕುರ್ಚಿ ಮ್ಯಾಲೆ ನೀವು ಡಾಕ್ಟ್ರಮ್ಮ ಇದೀರಿ, ಆಕಿ ಗ್ವಾಡಿಗೆ ನಿಂತ ರೋಗಿ. ನಾಳಿ ಆಕಿ ಮನಿಗೆ ಹೋಗೋಣ."

ಮರುದಿನ ಮಧ್ಯಾಹ್ನದ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಶೇಂಗಾ ಹೊಲ, ಬಂಡೆಗುಡ್ಡ. ಸಾಬ್ರು ತಂದೆಯ ಕತೆ ಹೇಳಿದರು. ಕಲಾಯಿಗೆ ಬಂದ ಪಾತ್ರೆ ತಿರುಗಿಸಿ ನೋಡಿ ಆ ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತಾರೆ, ಯಾರು ಕಡೆಗೆ ಉಣ್ಣುತ್ತಾರೆ ಅಂತ ಹೇಳುತ್ತಿದ್ದರಂತೆ. "ಪಾತ್ರಿ ಸುಳ್ಳು ಹೇಳಂಗಿಲ್ಲ ಅಂತಿದ್ದ ನಮ್ಮಪ್ಪ. ಮಂದಿನೂ ಹೇಳಂಗಿಲ್ರಿ. ಆದ್ರ ನಾವು ಕೇಳಿದ್ದಕ್ಕ ಅಷ್ಟ ಹೇಳ್ತಾರ. ಗುಳಿಗಿ ತಗೊಂಡ್ಯಾ ಅಂತ ಕೇಳಿದ್ರ ಹೂಂ. ಆ ಹೂಂ ಎಲ್ಲಿಂದ ಬಂತು ಅಂತ ಮತ್ತ ಕೇಳಬೇಕು."

ಮನೆಯ ಮುಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ತಾಟು, ಒಂದು ಲೋಟ ಬೇರೆಯಾಗಿ ಬೋರಲು ಬಿದ್ದಿದ್ದವು. ನಾನು ದಾಟಿಕೊಂಡು ಹೋದೆ. ಸಾಬ್ರು ನಿಂತು ನೋಡಿ ಬಂದರು.

ಅತ್ತೆ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. "ಏನು ಸಾಬ್ರ, ದವಾಖಾನಿನ ಮನಿಗೆ ತಂದ್ರಲ್ಲ." "ಬಸ್ಸು ಈ ಕಡೆ ಬರ್ತಿತ್ತವ್ವಾ, ಹತ್ತಿಬಿಟ್ವಿ," ಅಂದರು ಸಾಬ್ರು. ಗುಳಿಗೆಯ ಮಾತೇ ಎತ್ತಲಿಲ್ಲ. ಮಳೆ ಕೇಳಿದರು, ಎಮ್ಮೆ ಕೇಳಿದರು. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ಆ ಹೆಣ್ಣುಮಗಳ ಕಡೆ ತಿರುಗಿ, "ಮೊನ್ನಿ ಸೋಮವಾರ ಎದ್ದಾಗಿಂದ ಮಲಗೋ ಮಟ ಏನೇನು ಮಾಡಿದಿ, ಸಾಲಾಗಿ ಹೇಳವಾ," ಅಂದರು.

ಅವಳು ಶುರು ಮಾಡಿದಳು. ಎದ್ದೆ, ಕಸ ಹೊಡದೆ, ತಲಿ ಮ್ಯಾಲೆ ನೀರು ಹಾಕ್ಕೊಂಡೆ, ಎಲ್ಲಾರಿಗೂ ರೊಟ್ಟಿ ಬಡದೆ, ಹೊಲಕ್ಕ ಹೋದೆ, ಕಳೆ ತಗದೆ, ಬಂದೆ, ಗುಡಿಗೆ ಹೋದೆ, ಒಂದು ಬಾಳೆಹಣ್ಣು ತಿಂದೆ, ಹಾಲು ಕುಡದೆ, ಮಲಗಿದೆ.

"ಊಟ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆಯೇ ಹೇಳಿದಳು, "ಸೋಮವಾರ ಆಕಿ ಊಟ ಮಾಡಂಗಿಲ್ಲ. ಕೊಟ್ಟೂರಪ್ಪಗ ಹರಕಿ ಹೊತ್ತಾಳ."

"ಏನಂತ ಹೊತ್ತಿ ತಾಯಿ?"

"ಕೆಮ್ಮು ಹೋಗಲಿ ಅಂತ್ರಿ," ಅಂದಳು.

ಸಾಬ್ರು ಅದೇ ಧ್ವನಿಯಲ್ಲಿ, "ಹಂಗಾದ್ರ ಸೋಮವಾರದ ಗುಳಿಗಿ ಎಲ್ಲಿ ಇಟ್ಟೀಯವಾ?" ಅಂದರು. ತಗೊಂಡ್ಯಾ ಅಂತ ಕೇಳಲಿಲ್ಲ, ಯಾಕೆ ತಗೊಳ್ಳಲಿಲ್ಲ ಅಂತಲೂ ಇಲ್ಲ. ಎಲ್ಲಿ ಇಟ್ಟಿದ್ದೀಯ ಅಂತ.

ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಪೌಡರ್ ಡಬ್ಬಿ ತಂದಳು. ಸಾಬ್ರು ಅದನ್ನು ಕಂಬಳಿಯ ಮೇಲೆ ಬಗ್ಗಿಸಿದರು. ಕೆಂಪು ಗುಳಿಗೆಗಳು, ಐದು ತಿಂಗಳ ಸೋಮವಾರಗಳು, ರಾಶಿ ಬಿದ್ದವು.

"ಊಟ ಆದ ಮ್ಯಾಲೆ ಅಂತ ನೀವ ಬರದಿದ್ರೆಲ್ರಿ," ಅಂದಳು ನನಗೆ. "ಅದಕ್ಕ ಟೀಚರು ಕಾರ್ಡಿಗೆ ಗುರುತು ಹಾಕಿ ಮನಿಗೆ ಕೊಟ್ಟು ಕಳಿಸ್ತಿದ್ರು. ಊಟ ಇಲ್ಲದ ದಿನ ಹೆಂಗ ನುಂಗ್ಲಿ. ಹೇಳಿದ್ರ ನೀವು ಬರಬ್ಯಾಡ ಅಂತೀರಿ. ಒಗದ್ರ ಔಷಧಕ್ಕ ಅವಮಾನ. ಇಟಗೊಂಡೆ."

ನಾನು ಬಾಯಿ ತೆರೆದೆ. ಗುಳಿಗೆ ನುಂಗಿದರೆ ಉಪವಾಸ ಕೆಡುವುದಿಲ್ಲ, ದೇವರಿಗೂ ಅದು ಗೊತ್ತಿದೆ, ಹೀಗೆ ಏನೋ ಹೇಳುವವಳಿದ್ದೆ. ಸಾಬ್ರು ನನ್ನ ಕಡೆ ನೋಡಿದರು. ಸುಮ್ಮನಾದೆ.

"ಹರಕಿ ಬಿಡಬ್ಯಾಡ," ಅಂದರು ಅವಳಿಗೆ. "ದಿನ ಬದಲಿ ಮಾಡೋಣು. ಮಂಗಳವಾರ, ಗುರುವಾರ, ಶನಿವಾರ. ಶನಿವಾರ ಏನರ ಹಿಡದೀಯೇನು ಮತ್ತ?"

"ಶನಿವಾರ ನಮ್ಮತ್ತೀದು ಐತ್ರಿ. ನಂದಲ್ಲ."

ಅತ್ತೆಗೂ ನಗು ಬಂತು. ಆ ನಗುವಿನ ಹಿಂದೆಯೇ ಸಾಬ್ರು ಮಾತು ಸೇರಿಸಿದರು. "ಯಜಮಾನ್ತಿ, ಸೊಸಿದು ತಪ್ಪಿಲ್ಲ, ಬ್ಯಾನಿದೂ ತಪ್ಪಿಲ್ಲ, ನಮ್ಮ ಚೀಟಿದು ತಪ್ಪು. ಆಕೀನ ದವಾಖಾನಿಗೆ ಕಳಿಸೋದು ಬ್ಯಾಡ. ಇಲ್ಲೇ ಇರಲಿ. ಮತ್ತೊಂದು ಸಲ ನೋಡೋಣು."

"ಎಷ್ಟು ದಿನ ನೋಡ್ತೀರಿ?"

"ಮೂರು ತಿಂಗಳು."

"ಮೂರು ತಿಂಗಳಿಗೆ ಹೋಗದಿದ್ರ?"

"ಆಗ ನಿಮ್ಮ ಮಾತು."

ಅತ್ತೆ ಕೂಸಿನ ಮೂಗು ಒರೆಸಿದಳು. "ಮೂರ ತಿಂಗಳು. ಆಮ್ಯಾಲೆ ಹಂಪಸಾಗರದ ಬಸ್ಸು," ಅಂದಳು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಅಳು ಬಂತು. ಸಾಬ್ರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. "ನೀವು ಪ್ರೀತಿಯಿಂದ ಬರದಿದ್ರಿ, ವಾಂತಿ ಆಗಬಾರದಂತ. ಅದಕ್ಕ ಆಕಿ ಅಷ್ಟು ನಂಬಿದ್ಳು," ಅಂದರು. ಅದು ಸಮಾಧಾನವೋ ಇನ್ನೇನೋ ನನಗೆ ಈಗಲೂ ಗೊತ್ತಿಲ್ಲ.

ಜಿಲ್ಲೆಯ ಕ್ಷಯದ ಅಧಿಕಾರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರರಲ್ಲಿ ಒಂದು ಪಾಲು ಔಷಧ ತಪ್ಪಿದೆ, ಮೊದಲಿನಿಂದ ಶುರು ಮಾಡಬೇಕು, ಈ ಸಲ ಎರಡು ತಿಂಗಳು ಇಂಜೆಕ್ಷನ್ನೂ ಬೇಕು. ಊರಲ್ಲೇ ಕೊಡಬಹುದು, ಕೊಡುವವರು ಬೇಕು ಅಷ್ಟೇ ಅಂದರು. ಕೊಡುವವರು ಸಿಕ್ಕಿದರು. ವಾರಕ್ಕೆ ಮೂರು ದಿನ ಸಾಬ್ರು ಮುಂಜಾನೆಯ ಮೊದಲ ಬಸ್ಸು ಹತ್ತಿ, ಅವಳ ಊರಲ್ಲಿ ಇಳಿದು, ಇಂಜೆಕ್ಷನ್ ಮಾಡಿ, ಅವಳು ರೊಟ್ಟಿ ತಿನ್ನುವ ತನಕ ಕಟ್ಟೆಯ ಮೇಲೆ ಕೂತು, ಗುಳಿಗೆ ನುಂಗಿಸಿ, ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಒಂಬತ್ತಕ್ಕೆ ಕಿಟಕಿ ತೆರೆಯುತ್ತಿದ್ದರು. ಒಂದು ಗುರುವಾರ ಬಸ್ಸು ಕೆಟ್ಟು ನಿಂತಿತು. ಸೈಕಲ್ ತುಳಿದುಕೊಂಡು ಹೋಗಿ ಬಂದು, ಹನ್ನೊಂದಕ್ಕೆ ಬೆವರಿಳಿಸುತ್ತ ಕಿಟಕಿ ತೆರೆದಾಗ ಸಾಲಿನವರು ಬೈದದ್ದೇ ಬೈದದ್ದು.

ಆ ದಿನಗಳಲ್ಲಿ ನಾನೂ ಕೇಳುವುದನ್ನು ಕಲಿಯತೊಡಗಿದೆ. ಸುಲಭವಲ್ಲ ಅದು. ಮೊದಮೊದಲು ಏನು ಕೇಳಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಕೆಮ್ಮು ಎಷ್ಟು ದಿನ ಅನ್ನುವುದು ಬಾಯಿಗೆ ತಾನಾಗಿ ಬರುತ್ತಿತ್ತು. ನಿನ್ನ ತಾಟು ಎಲ್ಲಿ ಇಡ್ತಾರೆ ಅನ್ನುವುದು ಬರುತ್ತಿರಲಿಲ್ಲ. ಒಂದು ದಿನ ಸಾಬ್ರು ಕಿಟಕಿಯಿಂದಲೇ ಕೂಗಿದರು, "ಡಾಕ್ಟ್ರಮ್ಮಾರ, ಈಗ ನಿಮ್ಮ ಸಾಲು ನನ್ನ ಸಾಲಿಗಿಂತ ಉದ್ದ ಆಗೈತಿ ನೋಡ್ರಿ."

ಮೂರು ತಿಂಗಳ ಕೊನೆಗೆ ಕಫ ಕಳಿಸಿದೆವು. ಫಲಿತಾಂಶ ಬರುವ ದಿನ ಅವಳು, ಅತ್ತೆ, ಗಂಡ ಮೂವರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಗಂಡ ನೆಲ ನೋಡುತ್ತಿದ್ದ. ಹಂಪಸಾಗರದಿಂದ ಅವಳ ಅಣ್ಣನೂ ಬಂದಿದ್ದ, ಕರೆದುಕೊಂಡು ಹೋಗಬೇಕಾದರೆ ಅಂತ. ತಾಲ್ಲೂಕಿನಿಂದ ಬಂದ ಚೀಟಿ ಒಡೆದು ನೋಡಿದವಳು ನಾನೇ. ರೋಗಾಣು ಇಲ್ಲ ಅಂತ ಬರೆದಿತ್ತು. ನಾನು ಎರಡು ಸಲ ಓದಿದೆ. ಆಮೇಲೆ ಅದನ್ನು ಸಾಬ್ರ ಕೈಗೆ ಕೊಟ್ಟೆ, ಅವರೇ ಹೇಳಲಿ ಅಂತ.

ಸಾಬ್ರು ಬೆಂಚಿನ ಮುಂದೆ ಹೋಗಿ ಅಣ್ಣನಿಗೆ, "ನೀ ಯಾವ ಬಸ್ಸಿಗೆ ಬಂದ್ಯಪ್ಪಾ?" ಅಂದರು.

"ಮುಂಜಾನಿ ಎಚ್‌ಬಿಹಳ್ಳಿ ಬಸ್ಸಿಗ್ರಿ."

"ಹಂಗಾದ್ರ ಒಬ್ಬನ ಹೋಗು."

ಮುಂದಿನ ಮಂಗಳವಾರ ಗುಳಿಗೆ ಕೊಡಲು ಹೋಗಿ ಬಂದವರು ನನಗೆ ಹೇಳಿದ ಮೊದಲ ಸುದ್ದಿ, ಹೊರಗೆ ಬೇರೆ ಇಡುತ್ತಿದ್ದ ಅವಳ ತಾಟು ಒಳಗೆ ಹೋಗಿದೆ, ಉಳಿದವುಗಳ ಜೊತೆಯೇ ಬೋರಲು ಹಾಕಿದ್ದಾರೆ ಅನ್ನುವುದು. ಕಫದ ಚೀಟಿಗಿಂತ ಅವರಿಗೆ ಅದೇ ದೊಡ್ಡ ಫಲಿತಾಂಶವಾಗಿತ್ತು.

ಮರುವರ್ಷ ನನಗೆ ಪಿ.ಜಿ. ಸೀಟು ಸಿಕ್ಕಿತು. ಮನೆಯಲ್ಲಿ ಎಲ್ಲರೂ ಹೆರಿಗೆ ಡಾಕ್ಟರಾಗು, ಮಕ್ಕಳ ಡಾಕ್ಟರಾಗು ಅಂದರು. ನಾನು ಸಮುದಾಯ ವೈದ್ಯಕೀಯ ತೆಗೆದುಕೊಂಡೆ, ಬೇರೆ ಯಾವುದೂ ಸಿಗದವರು ತೆಗೆದುಕೊಳ್ಳುವುದು ಅಂತ ಹೆಸರಾದ ವಿಷಯ. ಹೊರಡುವ ದಿನ ಸಾಬ್ರು ಬಸ್ ನಿಲ್ದಾಣಕ್ಕೆ ಬಂದಿದ್ದರು. "ತಿರುಗಿ ಬರ್ತೀರೇನ್ರಿ?" ಅಂತ ಕೇಳಿದರು. ಬರ್ತೀನಿ ಅಂದೆ. ಬರಲಿಲ್ಲ. ಕಾಲೇಜಿನಲ್ಲೇ ಮೇಷ್ಟ್ರಾಗಿ ಉಳಿದೆ. ಇದನ್ನು ಮುಚ್ಚಿಟ್ಟುಕೊಂಡರೆ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ಅವರು ನಿವೃತ್ತರಾಗಿ ಹರಪನಹಳ್ಳಿಗೆ ಹೋದ ಮೇಲೆ ಎರಡು ಸಲ ಹೋಗಿ ಕಂಡಿದ್ದೆ. ಎರಡು ಸಲವೂ ಅವರು ಕೇಳಿದ್ದು ಒಂದೇ: ಈಗ ಹಳ್ಳಿ ಎಷ್ಟು ದಿನ ಕಲಿಸ್ತೀರಿ, ಹುಡುಗರು ಅಲ್ಲೇ ಮಲಗ್ತಾರೇನು, ಏನು ಉಣ್ತಾರೆ? ಉತ್ತರ ಕೊಡುವಾಗ ನನಗೆ ಪರೀಕ್ಷೆಗೆ ಕೂತ ಹಾಗಾಗುತ್ತಿತ್ತು. ವ್ಯಾನು ಒಂದಕ್ಕೆ ತಿರುಗಿ ಬರುವುದನ್ನು ನಿಲ್ಲಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ನಮ್ಮ ವಿಭಾಗದ ಹಿರಿಯರೊಬ್ಬರು, ಹುಡುಗರು ಹಳ್ಳಿಯಲ್ಲಿ ಕೂತು ಏನು ಮಾಡ್ತಾರಮ್ಮ, ಪರೀಕ್ಷೆಯಲ್ಲಿ ಕೇಳೋದಿಲ್ಲವಲ್ಲ ಅಂತಿದ್ದರು. ಅವರ ಮಾತೂ ಸುಳ್ಳಲ್ಲ. ಪರೀಕ್ಷೆಯಲ್ಲಿ ಈಗಲೂ ಕೇಳುವುದಿಲ್ಲ. ಕೊನೆಗೆ ವಾರಕ್ಕೊಂದು ದಿನ ಹುಡುಗರು ಸಂಜೆಯ ತನಕ ಉಳಿದು, ಯಾವುದಾದರೂ ಒಂದು ಮನೆಯಲ್ಲಿ ಉಣ್ಣಬೇಕು ಅಂತಾಯಿತು. ಅದನ್ನು ಸಾಬ್ರಿಗೆ ಹೇಳಬೇಕು ಅಂದುಕೊಂಡಿದ್ದೆ.

ಹೇಳಲು ಆಗಲಿಲ್ಲ. ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟರು. ನನಗೆ ಸುದ್ದಿ ತಿಳಿಯುವಾಗ ಹತ್ತು ದಿನ ಕಳೆದಿತ್ತು. ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು, "ನಿಮ್ಮ ಕಾಲೇಜಿನ ಸುದ್ದಿ ಭಾಳ ಕೇಳ್ತಿದ್ರು. ಡಾಕ್ಟ್ರಮ್ಮ ಬಂದ್ರ ಒಂದು ಪ್ರಶ್ನಿ ಐತಿ ಅಂತಿದ್ರು. ಏನಂತ ನನಗ ಹೇಳಲಿಲ್ರಿ," ಅಂದರು. ಆ ಪ್ರಶ್ನೆ ಯಾವುದಿದ್ದೀತು ಅಂತ ನಾನು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ವರ್ಷಕ್ಕೊಂದು ಸಲ ಹುಡುಗರನ್ನು ಆ ಹೆಣ್ಣುಮಗಳ ಮನೆಗೆ ಕರೆದುಕೊಂಡು ಹೋಗುತ್ತೇನೆ. ಈಗ ಅವಳದೇ ಯಜಮಾನಿಕೆ. ಅತ್ತೆಗೆ ಕಣ್ಣು ಮಂಜು. ಸೊಸೆ ಕೈ ಹಿಡಿದು ನಡೆಸುತ್ತಾಳೆ. ಕೂಸು ಆಗಿದ್ದವನು ಅವಳಿಗಿಂತ ಎತ್ತರ ಬೆಳೆದು, ಹುಡುಗರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಾನೆ. ಹಿಂದಿನ ಸಲ ಒಬ್ಬಳು ಹುಡುಗಿ, ಬೆಂಗಳೂರಿನ ಕಡೆಯವಳು, ಉಣ್ಣುತ್ತ ಕೇಳಿದಳು, "ಅಕ್ಕಾ, ನಿಮ್ಮನ್ನ ವಾಸಿ ಮಾಡಿದ ಡಾಕ್ಟ್ರು ನಮ್ಮ ಮೇಡಮ್ಮೇನಾ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇವ್ರಾ? ಇವ್ರು ನನ್ನ ತವರಿಗೆ ಕಳಿಸಾಕ ಕಾಗದ ಬರದಿದ್ರವ್ವಾ."

ಹುಡುಗರು ಉಣ್ಣುವುದು ಬಿಟ್ಟು ನನ್ನ ಮುಖ ನೋಡಿದರು. ಯಾರೋ ತಮಾಷೆ ಅಂದುಕೊಂಡು ಅರ್ಧ ನಕ್ಕರು.

ಹೌದು, ಬರೆದಿದ್ದೆ, ಅಂದೆ. ಎಲ್ಲ ಸರಿಯಾಗಿಯೇ ಬರೆದಿದ್ದೆ ಅಂತಲೂ ಹೇಳಿದೆ. ಆಮೇಲೆ ಅದಕ್ಕೆ ಮುದ್ರೆ ಒತ್ತದೆ ಇಟ್ಟುಕೊಂಡವರ ಹೆಸರು ಹೇಳಿ, ಪಾಠ ಶುರು ಮಾಡಿದೆ.